ಹಳೇ ಡೆಸ್ಕ್‌ಟಾಪ್ ಒಳಗಿಂದ ಟಿಕ್ ಟಿಕ್ ಸದ್ದು, ಹಾರ್ಡ್ ಡಿಸ್ಕ್ ಹೋಯ್ತಾ?

ಮಲ್ಪೆಯವ:
ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಉಂಟು. ವಿಂಡೋಸ್ 7, 500 ಜಿಬಿ ಹಾರ್ಡ್ ಡಿಸ್ಕ್. ಅಪ್ಪನ ಅಂಗಡಿ ಲೆಕ್ಕ, ಅಕ್ಕನ ಮದುವೆ ಫೋಟೋ ಎಲ್ಲ ಅದರಲ್ಲೇ. ಎರಡು ವಾರದಿಂದ ಆನ್ ಆಗಲಿಕ್ಕೆ ಹತ್ತು ನಿಮಿಷ ಬೇಕು, ಫೋಟೋ ಫೋಲ್ಡರ್ ತೆರೆದರೆ ಒಂದು ಕಡೆ ಬಂದು ನಿಂತೇ ಬಿಡುತ್ತದೆ, ಆಗ ಒಳಗಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಸಣ್ಣ ಸದ್ದು. ಈ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡಿದ್ದಕ್ಕೆ ಲೆಕ್ಕ ಇಲ್ಲ, ಯುಪಿಎಸ್ ಬ್ಯಾಟರಿ ಸತ್ತು ವರ್ಷ ಆಯ್ತು. ರಿಪೇರಿಯವರು ತೆರೆದು ನೋಡದೆ "ಹೊಸತು ತೆಗೊಳ್ಳಿ" ಅಂದರು. ನಾವೇ ಚೆಕ್ ಮಾಡುವುದು ಹೇಗೆ?

ಪಡುಬಿದ್ರಿ ಪಿಸಿ:
ವಿಂಡೋಸಿನಲ್ಲೇ ಇರುವ ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿಮಾಡುವ ಟೂಲ್) ಹಾಕಿ ರಾತ್ರಿ ಬಿಟ್ಟು ಮಲಗಿ. ನನ್ನದು ಅದರಲ್ಲೇ ಸರಿಯಾಯ್ತು.

ಕಂಕನಾಡಿ ಸ್ಕ್ರೂಡ್ರೈವರ್:
ಅಯ್ಯೋ ಬೇಡ ಮಾರಾಯ್ರೇ! ಬ್ಯಾಡ್ ಸೆಕ್ಟರ್ (ಡಿಸ್ಕಿನಲ್ಲಿ ಹಾಳಾದ ಸಣ್ಣ ಸಣ್ಣ ಜಾಗ) ಹುಡುಕಲಿಕ್ಕೆ ಅದು ಇಡೀ ಡಿಸ್ಕನ್ನು ಓದುತ್ತದೆ, ಸಾಯುವ ಡಿಸ್ಕಿಗೆ ಅಷ್ಟು ಕೆಲಸ ಕೊಟ್ಟರೆ ಬೆಳಿಗ್ಗೆ ಏಳುವಾಗ ಫೋಟೋವೂ ಇಲ್ಲ ಲೆಕ್ಕವೂ ಇಲ್ಲ. ಮೊದಲು ಕಾಪಿ, ಆಮೇಲೆ ಟೆಸ್ಟು. ಲೆಕ್ಕದ ಫೈಲು ಚಿಕ್ಕದು, ಅದನ್ನು ಈಗಲೇ ಪೆನ್‌ಡ್ರೈವಿಗೆ ಹಾಕಿ. ಕಟ್ ಮಾಡಬೇಡಿ, ಕಾಪಿಯೇ ಮಾಡಿ.

ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ, ಫ್ರೀ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಲೆಕ್ಕವನ್ನು ಅದು ತೋರಿಸುತ್ತದೆ. 05 (ಬದಲಿಸಿದ ಸೆಕ್ಟರ್), ಸಿ5 (ಓದಲಾಗದೆ ಬಾಕಿ ಇರುವುದು), ಸಿ6 (ಸರಿಪಡಿಸಲಾಗದ್ದು), ಸಿ7 (ಕೇಬಲಿನಲ್ಲಿ ಆದ ತಪ್ಪು) ಈ ನಾಲ್ಕು ಸಾಲು ನೋಡಿ ಹೇಳಿ. 01ರಲ್ಲಿ (ಓದುವಾಗಿನ ತಪ್ಪಿನ ಲೆಕ್ಕ) ಉದ್ದದ ನಂಬರ್ ಕಂಡರೆ ಗಾಬರಿ ಬೇಡ, ಕೆಲವು ಕಂಪೆನಿಯ ಡಿಸ್ಕಿನಲ್ಲಿ ಅದು ಹಾಗೆಯೇ.

ಮಲ್ಪೆಯವ:
ಲೆಕ್ಕ ಕಾಪಿ ಆಯ್ತು, ದೇವರು ದೊಡ್ಡವನು. ಹಳದಿ ಬಣ್ಣದಲ್ಲಿ ಕಾಷನ್ ಅಂತ ಬಂತು. 05 ಸೊನ್ನೆ. ಸಿ5 ಮತ್ತು ಸಿ6 ಎರಡೂ 18. ಸಿ7 ಸೊನ್ನೆ. 18 ಅಂದರೆ ಕಡಿಮೆ ಅಲ್ವಾ?

ಕಂಕನಾಡಿ ಸ್ಕ್ರೂಡ್ರೈವರ್:
ಅದು 18 ಅಲ್ಲ, 24. ಆ ಸಾಫ್ಟ್‌ವೇರ್ ಸುಮ್ನೆ ಇಟ್ಟರೆ ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, 16 ಮತ್ತು 8 ಸೇರಿ 24. 24 ಸೆಕ್ಟರ್ ಓದಲಿಕ್ಕೆ ಆಗದೆ ಬಾಕಿ ಬಿದ್ದಿವೆ. 05 ಸೊನ್ನೆ ಅಂತ ಖುಷಿ ಪಡಬೇಡಿ, ಆ ಜಾಗಕ್ಕೆ ಪುನಃ ಏನಾದರೂ ಬರೆಯುವವರೆಗೆ ಡಿಸ್ಕ್ ಸಾಮಾನ್ಯವಾಗಿ ಅದನ್ನು ಬದಲಿಸುವುದಿಲ್ಲ. ಸಿ7 ಮಾತ್ರ ಏರಿದ್ದರೆ ಕೇಬಲ್ ಬದಲಿಸಿ ನೋಡಿ ಅನ್ನುತ್ತಿದ್ದೆ. ನಿಮ್ಮದು ಡಿಸ್ಕೇ.

ಫೋಟೋಗೆ ಆ ವಿಂಡೋಸ್ ಆನ್ ಮಾಡಬೇಡಿ, ಅದು ಸುಮ್ನೆ ಕೂತಾಗಲೂ ಡಿಸ್ಕಿಗೆ ಏನಾದರೂ ಬರೆಯುತ್ತಾ ಇರುತ್ತದೆ. ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಓಡುವ ಫ್ರೀ ಸಿಸ್ಟಮ್) ಹಾಕಿದ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಅಲ್ಲಿಂದ ಫೋಟೋ ಕಾಪಿ ಮಾಡಿ. ಒಂದು ಫೋಲ್ಡರ್ ಸಿಕ್ಕಿಹಾಕಿಕೊಂಡರೆ ಬಿಟ್ಟು ಮುಂದಿನದ್ದಕ್ಕೆ ಹೋಗಿ. ಹಲ್ಲಿ ಸದ್ದು ಹೋಗಿ ಜೋರಾಗಿ ಟಕ್ ಟಕ್ ಶುರುವಾದರೆ ಆಫ್ ಮಾಡಿ, ಪುನಃ ಹಾಕಲೇಬೇಡಿ.

ಮಣಿಪಾಲ ಅಕ್ಕ:
ಯಾರಾದರೂ ಫ್ರೀಜರಿನಲ್ಲಿ ಇಡಿ ಅಂದರೆ ಕೇಳಬೇಡಿ ತಮ್ಮ. ನಮ್ಮ ಕಡೆ ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯೇ ಎರಡು ನಿಮಿಷದಲ್ಲಿ ಬೆವರುತ್ತದೆ, ಡಿಸ್ಕ್ ಬಿಡುತ್ತದಾ?

ಮಲ್ಪೆಯವ:
ಮಿಂಟಿನಲ್ಲಿ ಮದುವೆ ಫೋಟೋ ಬಹುತೇಕ ಬಂತು. ಮೆಹಂದಿಯ ಫೋಲ್ಡರ್ ಮಾತ್ರ ಅರ್ಧಕ್ಕೆ ನಿಂತಿದೆ. ಅಕ್ಕನಿಗೆ ಇನ್ನೂ ಹೇಳಲಿಲ್ಲ.