ಟಂಡ್ರಾ ಸರೋವರಗಳು: ನೆಲದ ಹೆಪ್ಪು ಕರಗಿದರೆ ನೀರು ತಿಳಿಯಾಗುತ್ತದೆಯೇ, ಕಂದು ಬಣ್ಣಕ್ಕೆ ತಿರುಗುತ್ತದೆಯೇ?

ಪ್ರಶ್ನೆ (ಜೀವಶಾಸ್ತ್ರ ಉಪನ್ಯಾಸಕಿ, ಧಾರವಾಡ)

ಮಾನ್ಯರೇ, ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಪರಿಸರ ವ್ಯವಸ್ಥೆಗಳ ಪಾಠದಲ್ಲಿ ಟಂಡ್ರಾದ ಮಾತು ಬಂದಾಗ, ಅಲ್ಲಿನ ಮೇಲ್ಮಣ್ಣಿನ ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲವಿದೆ, ಅದನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ, ಸಾವಿರಾರು ವರ್ಷಗಳ ಬೇರು ಎಲೆಗಳು ಪೂರ್ತಿ ಕೊಳೆಯದೆ ಅದರೊಳಗೆ ಉಳಿದುಕೊಂಡಿವೆ ಎಂದು ವಿವರಿಸಿದೆ. ಒಕ್ಕಲುತನದ ಮನೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಹಾಗಾದರೆ ಅದು ಕರಗಿದಾಗ ಕೆರೆಗೆ ಗೊಬ್ಬರ ಇಳಿದಂತೆ ಆಗುವುದಿಲ್ಲವೇ ಮೇಡಂ? ಮೀನು ಹೆಚ್ಚಬೇಕಲ್ಲ?" ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು, ನನ್ನಲ್ಲಿ ಉತ್ತರವಿರಲಿಲ್ಲ. ಓದಿ ನೋಡಿದರೆ ಒಂದು ಕಡೆ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ ಎಂದಿದೆ, ಇನ್ನೊಂದು ಕಡೆ ಮೊದಲಿಗಿಂತ ತಿಳಿಯಾಗುತ್ತದೆ ಎಂದಿದೆ. ಎರಡೂ ನಿಜವಾಗಿರಲು ಹೇಗೆ ಸಾಧ್ಯ? ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ 1 (ಕೆನಡಾದಲ್ಲಿ ನೆಲೆಸಿರುವ ಕನ್ನಡಿಗ)

ಮೇಡಂ, ಎರಡೂ ನಿಜ. ಯಾವ ಮಣ್ಣು ಕರಗುತ್ತದೆ ಮತ್ತು ಅದು ಯಾವ ರೀತಿಯಲ್ಲಿ ಸರೋವರ ಸೇರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ವಿದ್ಯಾರ್ಥಿಯಾಗಿದ್ದಾಗ ನಾನು ಒಂದು ಬೇಸಿಗೆ ವಾಯವ್ಯ ಕೆನಡಾದ ಇನುವಿಕ್ ಪಟ್ಟಣದ ಸುತ್ತಲಿನ ಸರೋವರಗಳಿಂದ ನೀರಿನ ಮಾದರಿ ಸಂಗ್ರಹಿಸುವ ಕೆಲಸದಲ್ಲಿದ್ದೆ. ಮೆಕೆಂಜಿ ನದಿ ಸಮುದ್ರ ಸೇರುವ ಆ ಸೀಮೆಯಲ್ಲಿ ನೆಲದೊಳಗೆ ಮಂಜುಗಡ್ಡೆಯ ದಪ್ಪ ಪದರಗಳಿವೆ. ಅವು ಕರಗಿದಾಗ ದಂಡೆಯ ಒಂದು ಭಾಗ ಅರ್ಧಚಂದ್ರಾಕಾರದಲ್ಲಿ ಕುಸಿದು, ಕೆಸರಾಗಿ ಸರೋವರಕ್ಕೆ ಜಾರುತ್ತದೆ. ಮಣ್ಣು ಕುಸಿದ ಸರೋವರದ ನೀರು ರಾಡಿಯಾಗಿರುತ್ತದೆ ಎಂದೇ ನಾನು ಭಾವಿಸಿದ್ದೆ. ಕುಸಿತವಿಲ್ಲದ ಸರೋವರದ ನೀರು ಸೀಸೆಯಲ್ಲಿ ತೆಳುವಾದ ಚಹಾದಂತೆ ಕಾಣುತ್ತಿತ್ತು. ಕುಸಿತವಾದ ಸರೋವರದ ನೀರಿನ ಸೀಸೆಯನ್ನು ಬೆಳಕಿಗೆ ಹಿಡಿದರೆ ಆಚೆಗೆ ನಿಂತವರ ಮುಖ ಕಾಣುವಷ್ಟು ತಿಳಿಯಾಗಿತ್ತು. ಇದು ನನ್ನೊಬ್ಬನ ಅನುಭವವಲ್ಲ. ಇನುವಿಕ್‌ನಿಂದ ರಿಚರ್ಡ್ಸ್ ದ್ವೀಪದವರೆಗಿನ ಸರೋವರಗಳ ಅಧ್ಯಯನ 2005ರಲ್ಲೇ ಇದನ್ನು ತೋರಿಸಿತ್ತು.

ಕಾರಣ ಹೀಗಿದೆ. ಅಲ್ಲಿ ಕರಗುವುದು ಹೆಚ್ಚಾಗಿ ಜೇಡಿಮಣ್ಣು ಮತ್ತು ಅದರೊಡನೆ ಕ್ಯಾಲ್ಸಿಯಂ, ಸಲ್ಫೇಟ್ ಮುಂತಾದ ಲವಣಗಳು. ಕಲಕಿದ ನೀರಿನಲ್ಲಿ ಪಟಿಕ ತಿರುಗಿಸಿದರೆ ಕೊಳೆ ಹೇಗೆ ತಳಕ್ಕೆ ಇಳಿಯುತ್ತದೆಯೋ, ಹೆಚ್ಚುಕಡಿಮೆ ಹಾಗೆಯೇ ಈ ಮಣ್ಣಿನ ಕಣಗಳು ನೀರಿನಲ್ಲಿ ಕರಗಿರುವ ಸಾವಯವ ಬಣ್ಣವನ್ನು ಹಿಡಿದುಕೊಂಡು ಕೆಳಗೆ ಕೂರುತ್ತವೆ. ಬೆಳಕು ತಳದವರೆಗೆ ಇಳಿಯುತ್ತದೆ, ಹೂಳಿನಲ್ಲಿ ಬೇರೂರುವ ಜಲಸಸ್ಯಗಳು ಹುಲುಸಾಗುತ್ತವೆ. ನಿಮ್ಮ ವಿದ್ಯಾರ್ಥಿನಿ ಹೇಳಿದ ಗೊಬ್ಬರ ಇಲ್ಲಿ ನಿಜವಾಗಿ ಸಿಗುವುದು ತಳದ ಗಿಡಗಳಿಗೇ ಹೊರತು, ನೀರಿನಲ್ಲಿ ತೇಲುವ ಪಾಚಿಗಲ್ಲ.

ಉತ್ತರ 2 (ಸೂಕ್ಷ್ಮಜೀವಿಶಾಸ್ತ್ರ ಸಂಶೋಧಕಿ, ಮೈಸೂರು)

ಹಿಂದಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಮೆಕೆಂಜಿ ಸೀಮೆಯ ಮಾತನ್ನು ಟಂಡ್ರಾಕ್ಕೆಲ್ಲ ಅನ್ವಯಿಸಬಾರದು. ನೆಲದಲ್ಲಿ ಪೀಟ್, ಅಂದರೆ ಅರೆಕೊಳೆತ ಪಾಚಿಸಸ್ಯಗಳ ಪದರ, ದಟ್ಟವಾಗಿರುವ ಕಡೆ ನಡೆಯುವುದು ಇದಕ್ಕೆ ತೀರ ವಿರುದ್ಧವಾದದ್ದು. ಕೆನಡಾದ ಹಡ್ಸನ್ ಕೊಲ್ಲಿಯ ಪೂರ್ವ ದಂಡೆಯ ಕೂಜ್ವಾರಾಪಿಕ್ ಬಳಿ ಪರ್ಮಾಫ್ರಾಸ್ಟ್ ಕುಸಿದು ಉಂಟಾದ ಹೊಂಡಗಳ ನೀರು ಕಂದು, ಕೆಲವೆಡೆ ಕಪ್ಪು. ಬಿಸಿಲಿನ ಶಾಖವನ್ನೆಲ್ಲ ಆ ಬಣ್ಣವೇ ಮೇಲ್ಪದರದಲ್ಲಿ ಹೀರಿಕೊಳ್ಳುವುದರಿಂದ, ಆಳ ಕೇವಲ ಎರಡು ಮೂರು ಮೀಟರ್ ಇದ್ದರೂ ಮೇಲಿನ ಬೆಚ್ಚನೆಯ ನೀರು ಕೆಳಗಿನ ತಣ್ಣನೆಯ ನೀರಿನೊಂದಿಗೆ ಬೆರೆಯುವುದಿಲ್ಲ. ತಳದಲ್ಲಿ ಆಮ್ಲಜನಕ ಮುಗಿದುಹೋಗುತ್ತದೆ. ಬೆಳಕಿಲ್ಲದೆ ತಳದ ಪಾಚಿ ಬೆಳೆಯುವುದಿಲ್ಲ; ತಿಳಿನೀರಿನ ಟಂಡ್ರಾ ಸರೋವರಗಳಲ್ಲಿ ಆಹಾರ ಜಾಲದ ಬುನಾದಿಯೇ ಆ ತಳದ ಪಾಚಿ ಎಂಬುದನ್ನು ಇಲ್ಲಿ ನೆನಪಿಡಬೇಕು.

ಪಶ್ಚಿಮ ಗ್ರೀನ್‌ಲೆಂಡಿನಲ್ಲಿ 2022ರ ಶರತ್ಕಾಲದಲ್ಲಿ ದಾಖಲೆಯ ಸೆಕೆ ಮತ್ತು ಹಿಮದ ಬದಲು ಬಿದ್ದ ಮಳೆ ಒಟ್ಟಾಗಿ, ಕರಗಿದ ನೆಲದ ಸಾವಯವ ಅಂಶವನ್ನೂ ಕಬ್ಬಿಣವನ್ನೂ ಸರೋವರಗಳಿಗೆ ತೊಳೆದು ತಂದವು. ಮುಂದಿನ ಬೇಸಿಗೆಯ ಹೊತ್ತಿಗೆ, ನೀಲಿಯಾಗಿದ್ದ 7,500ಕ್ಕೂ ಹೆಚ್ಚು ಸರೋವರಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಅಲ್ಲಿನ ಹಳ್ಳಿಗಳಿಗೆ ಕುಡಿಯುವ ನೀರಿನ ಚಿಂತೆಯೂ ಇದರಿಂದ ಹುಟ್ಟಿದೆ. ಇಂಥ ಬದಲಾವಣೆಗೆ ದಶಕಗಳು ಬೇಕು ಎಂದುಕೊಂಡಿದ್ದ ನನ್ನಂಥವರಿಗೆ, ಅದು ಒಂದೇ ವರ್ಷದೊಳಗೆ ನಡೆದದ್ದು ನಿಜಕ್ಕೂ ಆತಂಕ ತಂದಿದೆ.

ಇನ್ನು ಮೀಥೇನ್ ಅನಿಲದ ಮಾತು. ಆಮ್ಲಜನಕವಿಲ್ಲದ ತಳದಲ್ಲಿ ಸೂಕ್ಷ್ಮಜೀವಿಗಳು ಹಳೆಯ ಬೇರು ಎಲೆಗಳನ್ನು ಒಡೆದು ಮೀಥೇನ್ ಮಾಡುತ್ತವೆ. ಈಶಾನ್ಯ ಸೈಬೀರಿಯಾದ ಚೆರ್ಸ್ಕಿ ಬಳಿಯ ಸರೋವರಗಳಲ್ಲಿ ವಿಜ್ಞಾನಿ ಕೇಟಿ ವಾಲ್ಟರ್ ಆಂಥನಿ ಮತ್ತು ಸಂಗಡಿಗರು ಅಳೆದು, ಅಲ್ಲಿನ ಮೀಥೇನ್‌ನ ಸುಮಾರು 95 ಪ್ರತಿಶತ ಗುಳ್ಳೆಗಳಾಗಿಯೇ ಮೇಲೇರುತ್ತದೆ ಎಂದು 2006ರಲ್ಲಿ ವರದಿ ಮಾಡಿದರು. ದಂಡೆ ಕರಗುತ್ತಿರುವ ಜಾಗಗಳ ಗುಳ್ಳೆಗಳಲ್ಲಿದ್ದ ಇಂಗಾಲ 35,000 ವರ್ಷಗಳಿಗೂ ಹಳೆಯದಾಗಿತ್ತು. ಗುಳ್ಳೆಯಾಗದೆ ನೀರಿನಲ್ಲೇ ಕರಗಿ ಉಳಿದ ಮೀಥೇನನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಅವುಗಳನ್ನು ಕೆಸರಿನಲ್ಲಿರುವ ಕೈರೋನೋಮಿಡ್ ಕೀಟದ ಮರಿಹುಳುಗಳು ತಿನ್ನುತ್ತವೆ, ಆ ಹುಳುಗಳನ್ನು ಮೀನು ತಿನ್ನುತ್ತದೆ. ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ಕೆಂಪು ಬ್ಲಡ್‌ವರ್ಮ್ ಇದೇ ಗುಂಪಿನದು. ನಿಮ್ಮ ಮಕ್ಕಳಿಗೆ ತಂದು ತೋರಿಸಬಹುದು. ಆ ಕೆಂಪು ಬಣ್ಣ ಹಿಮೋಗ್ಲೋಬಿನ್‌ನದು, ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲಿ ಅವು ಬದುಕಲು ಅದೇ ಆಧಾರ. ಹೀಗೆ ಮಾಮತ್ ಆನೆಗಳು ಓಡಾಡುತ್ತಿದ್ದ ಕಾಲದ ಹುಲ್ಲಿನ ಇಂಗಾಲ ಇಂದಿನ ಜೀವಿಗಳ ಮೈ ಸೇರಲು ದಾರಿಯಿದೆ.

ಉತ್ತರ 3 (ನಿವೃತ್ತ ಭೂವಿಜ್ಞಾನಿ, ಬೆಂಗಳೂರು)

ನೀರಿನ ಬಣ್ಣದ ಚರ್ಚೆಗೆ ಮೊದಲು ನೀರು ಉಳಿಯುತ್ತದೆಯೇ ಎಂಬುದನ್ನೂ ನೋಡಬೇಕು. ಹೆಪ್ಪುಗಟ್ಟಿದ ನೆಲವೇ ಈ ಸರೋವರಗಳ ಬೋಗುಣಿ. ಅದು ತೂತಾದರೆ ನೀರು ಕೆಳಗೆ ಇಂಗುತ್ತದೆ, ದಂಡೆ ಕೊರೆದುಹೋದರೆ ನಮ್ಮಲ್ಲಿ ಕೆರೆ ಏರಿ ಒಡೆದಂತೆ ಬರಿದಾಗುತ್ತದೆ. ಸೈಬೀರಿಯಾದ 10,000ಕ್ಕೂ ಹೆಚ್ಚು ದೊಡ್ಡ ಸರೋವರಗಳ 1970ರ ದಶಕದ ಉಪಗ್ರಹ ಚಿತ್ರಗಳನ್ನು 1990ರ ದಶಕದ ಕೊನೆಯ ಚಿತ್ರಗಳೊಂದಿಗೆ ಹೋಲಿಸಿದಾಗ, 125 ಸರೋವರಗಳು ಸಂಪೂರ್ಣ ಮಾಯವಾಗಿದ್ದವು. ಗಮನಿಸಿ, ಅದೇ ಅಧ್ಯಯನದಲ್ಲಿ ಪರ್ಮಾಫ್ರಾಸ್ಟ್ ಎಡೆಬಿಡದೆ ಹಬ್ಬಿರುವ ಉತ್ತರ ಭಾಗದಲ್ಲಿ ಸರೋವರಗಳ ವಿಸ್ತಾರ ಹೆಚ್ಚಾಗಿತ್ತು. ಕರಗುವಿಕೆ ಮೊದಲು ಸರೋವರವನ್ನು ಹಿಗ್ಗಿಸುತ್ತದೆ, ಬಳಿಕ ಬರಿದು ಮಾಡುತ್ತದೆ. ಕೆನಡಾದ ಯೂಕಾನ್ ಪ್ರಾಂತ್ಯದ ಓಲ್ಡ್ ಕ್ರೋ ಫ್ಲ್ಯಾಟ್ಸ್‌ನಲ್ಲಿ ಜೆಲ್ಮಾ ಎಂಬ ಸರೋವರ 2007ರ ಜೂನ್‌ನಲ್ಲಿ ದಂಡೆಯೊಡೆದು ಹರಿದುಹೋಯಿತು. ಬಯಲಾದ ತಳದಲ್ಲಿ ಈಗ ವಿಲೋ ಪೊದೆಗಳು ಬೆಳೆದಿವೆ. ಅಲ್ಲಿನ ಮೂಲನಿವಾಸಿಗಳಾದ ವುಂಟುಟ್ ಗ್ವಿಚಿನ್ ಜನ ತಲೆಮಾರುಗಳಿಂದ ನೀರಿಲಿಯಂಥ ಪ್ರಾಣಿಯಾದ ಮಸ್ಕ್‌ರ‍್ಯಾಟ್ ಹಿಡಿಯುತ್ತಾ ಬಂದಿರುವ ಸೀಮೆ ಅದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನನ್ನ ವಿದ್ಯಾರ್ಥಿನಿ ಕೇಳಿದ್ದು ಮುಖ್ಯವಾಗಿ ಮೀನಿನ ವಿಷಯ. ಅದನ್ನು ದಯವಿಟ್ಟು ಇನ್ನಷ್ಟು ಬಿಡಿಸಿ ಹೇಳುವಿರಾ?

ಉತ್ತರ 1ರವರಿಂದ ಮತ್ತೆ

ಮೇಡಂ, ಮೀನಿಗೆ ಗೊಬ್ಬರಕ್ಕಿಂತ ಮೊದಲು ಬೇಕಾದದ್ದು ಚಳಿಗಾಲವನ್ನು ಕಳೆಯಲು ಹೆಪ್ಪುಗಟ್ಟದ ನೀರು. ಅಲ್ಲಿ ಮಂಜುಗಡ್ಡೆ ಒಂದೂವರೆಯಿಂದ ಎರಡು ಮೀಟರ್ ದಪ್ಪ ಕಟ್ಟುತ್ತದೆ. ಅದಕ್ಕಿಂತ ಆಳ ಕಡಿಮೆಯಿರುವ ಸರೋವರ ತಳದವರೆಗೂ ಗಡ್ಡೆಯಾಗುವುದರಿಂದ ಮೀನು ಉಳಿಯುವುದಿಲ್ಲ. ನೆಲ ಕುಸಿದು ಆಳ ಹೆಚ್ಚಿದಾಗ, ಮೇಲಿನ ಗಡ್ಡೆಯೂ ತೆಳುವಾದಾಗ, ಮೀನಿಲ್ಲದ ಸರೋವರಕ್ಕೆ ಹೊಳೆಯ ಸಂಪರ್ಕವಿದ್ದರೆ ಮೀನು ಬಂದು ನೆಲೆಸಬಹುದು. ಈ ಮಟ್ಟಿಗೆ ನಿಮ್ಮ ವಿದ್ಯಾರ್ಥಿನಿಯ ಊಹೆಗೆ ಆಧಾರವಿದೆ. ಆದರೆ ಮೀನಿಲ್ಲದ ಸರೋವರಗಳಲ್ಲಿ ನಿಶ್ಚಿಂತೆಯಾಗಿ ಬದುಕುವ ಫೇರಿ ಶ್ರಿಂಪ್ ಎಂಬ ಪುಟ್ಟ ಸೀಗಡಿಯಂಥ ಜೀವಿಗಳಿಗೆ ಅದೇ ಕಂಟಕ.

ಆಳದ ಸರೋವರಗಳ ಲೇಕ್ ಟ್ರೌಟ್ ಮೀನಿನ ಕಷ್ಟ ಬೇರೆಯದು. ಅದು ನಿಧಾನವಾಗಿ ಬೆಳೆಯುತ್ತದೆ, ಕಣ್ಣಿನಿಂದ ನೋಡಿ ಬೇಟೆಯಾಡುತ್ತದೆ, ಶರತ್ಕಾಲದಲ್ಲಿ ಕಲ್ಲುಗಳ ಸಂದಿಯಲ್ಲಿ ಮೊಟ್ಟೆಯಿಡುತ್ತದೆ. ಆ ಮೊಟ್ಟೆಗಳು ಚಳಿಗಾಲ ಪೂರ್ತಿ ಅಲ್ಲಿಯೇ ಇದ್ದು ಮರಿಯಾಗಬೇಕು. ಸಂದಿಗಳಲ್ಲಿ ಹೂಳು ತುಂಬಿದರೆ ಅವು ಉಸಿರುಕಟ್ಟಿ ಸಾಯುತ್ತವೆ. ಎಷ್ಟು ಹೂಳು ಬರಬಹುದು ಎಂಬುದಕ್ಕೆ ಅಲಾಸ್ಕಾದ ಒಂದು ನಿದರ್ಶನವಿದೆ. 2003ರಲ್ಲಿ ಟೂಲಿಕ್ ನದಿಯ ಬದಿಯಲ್ಲಿ, ಒಂದು ಚದರ ಕಿಲೋಮೀಟರಿಗೂ ಚಿಕ್ಕದಾದ ಜಲಾನಯನದಲ್ಲಿ ನೆಲ ಕರಗಿ ಒಂದು ಕೊರಕಲು ಬಿತ್ತು. ಪಕ್ಕದ ಕುಪರುಕ್ ನದಿಯ ಮೇಲ್ಭಾಗದ 132 ಚದರ ಕಿಲೋಮೀಟರ್ ಜಲಾನಯನದಿಂದ 18 ವರ್ಷಗಳಲ್ಲಿ ಬರುವುದಕ್ಕಿಂತ ಹೆಚ್ಚು ಹೂಳನ್ನು ಆ ಒಂದೇ ಕೊರಕಲು ನದಿಗೆ ಸುರಿಯಿತು.