ಸಹಾಯ ಬೇಕು: ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್) ಈಗಲೇ ತಗೊಳ್ಳಲೋ, ಪಿಎಸ್6ಗೆ ಕಾಯಲೋ?

ತುಮಕೂರಿನ ಗೇಮರ್‌ಗಳೇ, ಸ್ವಲ್ಪ ಸಲಹೆ ಕೊಡಿ. ತಮ್ಮನಿಗೆ ಕನ್ಸೋಲ್ ಕೊಡಿಸಬೇಕು, ಅವನು ಪಿಎಸ್6 ಬರಲಿ ಎಂದು ಹಠ ಹಿಡಿದಿದ್ದಾನೆ. ಹೊಸದರ ಹೆಸರು ಪಿಎಸ್6 ಅಂತಲೇ ಇರಬಹುದು ಬಿಡಿ, ಸೋನಿಯವರು ಇಲ್ಲಿಯವರೆಗೆ ಸುಮ್ನೆ ನಂಬರ್ ಏರಿಸುತ್ತಾ ಬಂದಿದ್ದಾರೆ ಅಷ್ಟೇ. ಪಿಎಸ್3 ಬಂದಿದ್ದು 2006, ಪಿಎಸ್4 2013, ಪಿಎಸ್5 2020, ಹೀಗೆ ಏಳೇಳು ವರ್ಷದ ಲೆಕ್ಕ ಹಿಡಿದರೆ ಮುಂದಿನದು 2027 ಇರಬಹುದು ಅನ್ನೋದು ನನ್ನ ಊಹೆ. ಬೆಲೆಯದ್ದೇ ಭಯ. ಪಿಎಸ್5 ನಮ್ಮಲ್ಲಿ 2021ರಲ್ಲಿ 49,990 ರೂಪಾಯಿಗೆ ಬಂತು, ಮುಂದಿನ ವರ್ಷವೇ 54,990 ಆಯಿತು, ಹೊಸದು ಇನ್ನೂ ಜಾಸ್ತಿ ಆಗುತ್ತದೆ ಅಲ್ವಾ? ಇನ್ನೊಂದು ಚಿಂತೆ ಡಿಸ್ಕ್. ಪಿಎಸ್5ರ ದುಬಾರಿ ಮಾದರಿ ಪ್ರೊಗೇ ಡಿಸ್ಕ್ ಡ್ರೈವ್ ಬೇರೆ ಕೊಳ್ಳಬೇಕು, ಪಿಎಸ್6ರ ಕಥೆ ಏನೋ! ಮನೆಯಲ್ಲಿ ಪಿಎಸ್4 ಡಿಸ್ಕ್‌ಗಳ ರಾಶಿ ಇದೆ, ಡಿಸ್ಕ್ ಡ್ರೈವ್ ಇರುವ ಪಿಎಸ್5ರಲ್ಲಾದರೆ ಅವು ಬಹುತೇಕ ಓಡುತ್ತವೆ. ನೀವಾಗಿದ್ದರೆ ಕಾಯುತ್ತಿದ್ದಿರಾ? ಎಂ.ಜಿ. ರಸ್ತೆ ಕಡೆ ಹಳೇ ಪಿಎಸ್4 ಎಕ್ಸ್‌ಚೇಂಜ್‌ಗೆ ತಗೊಳ್ಳುವ ಅಂಗಡಿ ಇದ್ದರೆ ಅದನ್ನೂ ಹೇಳಿ.