ಲಿಂಫೋಮಾ ಎಂದರೆ ‘ದುಗ್ಧಗ್ರಂಥಿಯ ಕ್ಯಾನ್ಸರ್’ ಎನ್ನಬಹುದೇ?

ಪದಾಸಕ್ತರಿಗೆ ನಮಸ್ಕಾರ.

ಜರ್ಮನಿಯ ಕೀಲ್ ವಿಶ್ವವಿದ್ಯಾಲಯದಲ್ಲಿದ್ದ ರೋಗವಿಜ್ಞಾನಿ ಕಾರ್ಲ್ ಲೆನರ್ಟ್ ಅವರು ಲಿಂಫೋಮಾದ (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಂದ ಹುಟ್ಟುವ ಒಂದು ಬಗೆಯ ಕ್ಯಾನ್ಸರಿನ) ಬಗ್ಗೆ ಮಾಡಿದ ಕೆಲಸವನ್ನು ಪರಿಚಯಿಸುವ ಲೇಖನವೊಂದನ್ನು ಕಲಬುರಗಿಯಲ್ಲಿ ನಾವು ಕೆಲವರು ಸೇರಿ ಸಿದ್ಧಪಡಿಸುತ್ತಿದ್ದೇವೆ. ಅದರಲ್ಲಿ ಲಿಂಫೋಮಾಕ್ಕೆ ಯಾವ ಪದವನ್ನಿಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಕನ್ನಡದ ಆರೋಗ್ಯ ಬರಹಗಳಲ್ಲಿ ‘ದುಗ್ಧಗ್ರಂಥಿಯ ಕ್ಯಾನ್ಸರ್’, ‘ದುಗ್ಧರಸ ಗ್ರಂಥಿಯ ಕ್ಯಾನ್ಸರ್’ ಎಂಬ ರೂಪಗಳು ಕಾಣುತ್ತವೆ. ಅವನ್ನು ಹಾಗೆಯೇ ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ.

ಮೊದಲ ಕಾರಣ ನಮ್ಮ ಕಡೆಯದೇ. ತಂಬಾಕು, ಗುಟ್ಕಾ ಜಗಿಯುವವರಿಗೆ ಬರುವ ಬಾಯಿಯ ಕ್ಯಾನ್ಸರ್ ಬಹುಬೇಗ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡುತ್ತದೆ. ಅಂಥ ರೋಗಿಯ ಮನೆಯವರಿಗೆ ‘ಗ್ರಂಥಿಗೆ ಕ್ಯಾನ್ಸರ್ ಬಂದಿದೆ’ ಎಂದು ಹೇಳುವುದೂ ಉಂಟು. ಆದರೆ ಅದು ಲಿಂಫೋಮಾ ಅಲ್ಲ. ಬಾಯಿಯ ಒಳಪದರದಲ್ಲಿ ಹುಟ್ಟಿದ ಕೋಶಗಳು ಬಂದು ಗ್ರಂಥಿಯಲ್ಲಿ ನೆಲೆಯೂರಿವೆ, ಅಷ್ಟೆ. ಅದಕ್ಕೆ ಮುಖ್ಯವಾಗಿ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಬೇಕು. ಲಿಂಫೋಮಾಕ್ಕೆ ಮುಖ್ಯವಾಗಿ ಔಷಧಿಯ ಚಿಕಿತ್ಸೆ. ಇನ್ನೊಂದೆಡೆ, ಒಂದು ಗ್ರಂಥಿಯೂ ಊದಿಕೊಳ್ಳದೆ ಜಠರದಲ್ಲೋ ಚರ್ಮದಲ್ಲೋ ಮಿದುಳಿನಲ್ಲೋ ಲಿಂಫೋಮಾ ಕಾಣಿಸಿಕೊಳ್ಳಬಹುದು. ಒಂದು ಕಡೆ ಹೆಚ್ಚಾಗಿ, ಇನ್ನೊಂದು ಕಡೆ ಕಡಿಮೆಯಾಗಿ ಹೇಳುವ ಪದ ಇದು.

ಎರಡನೆಯ ಕಾರಣ ಲೆನರ್ಟ್ ಅವರ ಕೆಲಸದೊಳಗೇ ಇದೆ. ಹಿಂದೆ ಈ ಗೆಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಆಕಾರ ನೋಡಿ ಹೆಸರಿಸುತ್ತಿದ್ದರು. ದೊಡ್ಡ ಕೋಶಗಳಿದ್ದರೆ ಅವು ಕಸ ನುಂಗುವ ಹಿಸ್ಟಿಯೋಸೈಟುಗಳಿರಬೇಕೆಂದು ಊಹಿಸಿ, ಅಮೆರಿಕದ ಹೆನ್ರಿ ರ‍್ಯಾಪಪೋರ್ಟ್ ಅವರ ವರ್ಗೀಕರಣದಲ್ಲಿ ‘ಹಿಸ್ಟಿಯೋಸೈಟಿಕ್ ಲಿಂಫೋಮಾ’ ಎಂದು ಕರೆಯಲಾಯಿತು. ಲಿಂಫೋಸೈಟುಗಳಲ್ಲಿ ಬಿ-ಕೋಶ, ಟಿ-ಕೋಶಗಳೆಂಬ ಭೇದ ರೋಗನಿರೋಧಶಾಸ್ತ್ರದಲ್ಲಿ ಸ್ಪಷ್ಟವಾದ ಮೇಲೆ, ಆ ದೊಡ್ಡ ಕೋಶಗಳಲ್ಲಿ ಬಹುಪಾಲು ಪ್ರಚೋದನೆಗೊಂಡು ಹಿಗ್ಗಿದ ಲಿಂಫೋಸೈಟುಗಳೇ ಎಂದು ತಿಳಿಯಿತು. ಲೆನರ್ಟ್ ಮತ್ತು ಸಂಗಡಿಗರ 1974ರ ಕೀಲ್ ವರ್ಗೀಕರಣವಾಗಲಿ, ಅದೇ ವರ್ಷ ಅಮೆರಿಕದಲ್ಲಿ ಲ್ಯೂಕ್ಸ್ ಮತ್ತು ಕಾಲಿನ್ಸ್ ಪ್ರಕಟಿಸಿದ ವರ್ಗೀಕರಣವಾಗಲಿ, ಪ್ರತಿಯೊಂದು ಲಿಂಫೋಮಾವನ್ನು ಅದು ಹೋಲುವ ಸಹಜ ಕೋಶದೊಡನೆ ಜೋಡಿಸಿ ಹೆಸರಿಸಲು ಹೊರಟವು. ಈ ಜೋಡಣೆಯ ಫಲವಾಗಿಯೇ, ಬಿ-ಕೋಶದ ಮೈಮೇಲಿನ ಸಿಡಿ20 ಎಂಬ ಪ್ರೋಟೀನನ್ನು ಹಿಡಿಯುವ ರಿಟುಕ್ಸಿಮ್ಯಾಬ್ ಔಷಧಿ ಯಾರಿಗೆ ಕೆಲಸ ಮಾಡೀತು, ಯಾರಿಗೆ ಇಲ್ಲ ಎಂಬುದನ್ನು ಇಂದು ಹೇಳಬಹುದಾಗಿದೆ. ಕೋಶದ ಕುಲ ಹುಡುಕಿದವರ ಕೆಲಸವನ್ನು ಪರಿಚಯಿಸುವಾಗ ಜಾಗದ ಹೆಸರನ್ನು ತಲೆಬರಹವಾಗಿಸುವುದು ಸರಿಯೆನಿಸದು.

ಇನ್ನು ‘ಗ್ರಂಥಿ’. ದುಗ್ಧಗ್ರಂಥಿ ಯಾವ ರಸವನ್ನೂ ಸ್ರವಿಸುವುದಿಲ್ಲವಾದ್ದರಿಂದ, ಸ್ರವಿಸುವ ಥೈರಾಯ್ಡಿನಂತೆ ಅದನ್ನೂ ಗ್ರಂಥಿ ಎನ್ನುವುದು ಹಳೆಯ ಕಾಲದ ಉಳಿಕೆ. (ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ಲಂಡನ್ನಿನಲ್ಲಿ ಲಿಂಫೋಮಾದ ಒಂದು ಬಗೆಯನ್ನು ವರ್ಣಿಸಿದಾಗ ಬಳಸಿದ್ದೂ ಸ್ರಾವಗ್ರಂಥಿಗೆ ಬಳಸುವ ಪದವನ್ನೇ.) ಸಂಸ್ಕೃತದಲ್ಲಿ ‘ಗ್ರಂಥಿ’ಯ ಮೂಲಾರ್ಥ ಗಂಟು ಎಂಬುದು ನಿಜ, ಹಾಗಾದರೆ ‘ಗಂಟು’ ಎಂದೇ ಬರೆಯೋಣ ಎಂದು ಗೆಳೆಯರೊಬ್ಬರ ಸಲಹೆ. ಆದರೆ ನಮ್ಮಲ್ಲಿ “ಬಗಲಾಗ ಗಂಟಾಗ್ಯಾದ್ರಿ” ಎಂದರೆ ಅದು ಆಗಲೇ ರೋಗದ ಮಾತು. ಆರೋಗ್ಯವಂತನ ಮೈಯಲ್ಲೂ ನೂರಾರು ಗಂಟುಗಳಿವೆ ಎಂದು ಬರೆದರೆ ಓದುಗರು ಗಾಬರಿಯಾದಾರು. ಕ್ಷಯದಿಂದ ಕುತ್ತಿಗೆಯಲ್ಲಿ ಏಳುವ ಸಾಲುಗಂಟುಗಳಿಗೆ ‘ಗಂಡಮಾಲೆ’ ಎಂಬ ಒಳ್ಳೆಯ ಪದವಿದೆ, ಅದನ್ನು ಅಲ್ಲಿಗೇ ಬಿಡುವುದು ಲೇಸು. ಗ್ರಂಥಿ ತಪ್ಪೆನಿಸಿದರೂ ಬಳಕೆಯಲ್ಲಿ ಬೇರೂರಿದೆ. ಅದನ್ನು ಕೀಳುವ ಹಟ ನನಗಿಲ್ಲ.

ಲಿಂಫೋಸೈಟಿಗೆ ‘ದುಗ್ಧಕಣ’ ಎಂದು ಒಪ್ಪಿ, ಲಿಂಫೋಮಾವನ್ನು ‘ದುಗ್ಧಕಣ ಕ್ಯಾನ್ಸರ್’ ಎನ್ನಬಹುದೇ ಎಂದು ಯೋಚಿಸಿದೆ. ಇಲ್ಲಿ ಬೇರೊಂದು ತೊಡಕಿದೆ: ಲಿಂಫೋಸೈಟುಗಳಿಂದ ಹುಟ್ಟುವ ರಕ್ತದ ಕ್ಯಾನ್ಸರುಗಳೂ ಆ ಹೆಸರಿನಡಿ ಬಂದುಬಿಡುತ್ತವೆ. ಆದ್ದರಿಂದ ಲಿಂಫೋಮಾ ಎಂಬುದನ್ನೇ ಉಳಿಸಿಕೊಂಡು, ಮೊದಲ ಬಾರಿ ಬಂದಾಗ ‘ದುಗ್ಧಕಣಗಳಿಂದ ಹುಟ್ಟಿ ಗೆಡ್ಡೆಯಾಗಿ ಬೆಳೆಯುವ ಕ್ಯಾನ್ಸರ್’ ಎಂದು ವಿವರಿಸುವ ಕಡೆಗೆ ನನ್ನ ಒಲವು.

ಬಗೆಹರಿಯದೆ ಉಳಿದಿರುವುದು ಒಂದು. ಗ್ರಂಥಿಯೊಳಗೆ ಬಿ-ಕೋಶಗಳು ಬಿರುಸಾಗಿ ಒಡೆದು, ತಮ್ಮ ಪ್ರತಿಕಾಯದ ವಂಶವಾಹಿಗಳನ್ನು ಮಾರ್ಪಡಿಸಿಕೊಂಡು, ಪರೀಕ್ಷೆಗೊಳಗಾಗುವ ದುಂಡನೆಯ ನೆಲೆಗಳಿವೆ. ಲೆನರ್ಟ್ ಅವರ ವರ್ಗೀಕರಣದ ಸೆಂಟ್ರೊಬ್ಲಾಸ್ಟ್, ಸೆಂಟ್ರೊಸೈಟ್ ಎಂಬ ಕೋಶಗಳು ಇಲ್ಲಿಯವೇ. ಇಂಗ್ಲಿಷಿನಲ್ಲಿ ‘ಜರ್ಮಿನಲ್ ಸೆಂಟರ್’ ಎನ್ನುವ ಈ ನೆಲೆಗೆ ‘ಅಂಕುರಕೇಂದ್ರ’ ಎನ್ನುವುದೋ, ‘ಮೊಳೆನೆಲೆ’ ಎನ್ನುವುದೋ? ಎರಡನೆಯದು ಕಿವಿಗೆ ಹಿತವಾಗಿದೆಯಾದರೂ, ಮೊಳೆ ಎಂದೊಡನೆ ಕಬ್ಬಿಣದ ಮೊಳೆ, ಮೊಳೆರೋಗಗಳು ನೆನಪಾಗುವುದು ಅಡ್ಡಿ. ವೈದ್ಯಕೀಯ ಪಠ್ಯವನ್ನು ಕನ್ನಡದಲ್ಲಿ ಬರೆದು ಅನುಭವವಿರುವವರು ಯಾವುದನ್ನು ಬಳಸಿದ್ದೀರಿ, ಅಥವಾ ಬೇರೆ ಪದವಿದ್ದರೆ ಯಾವುದು ಎಂದು ದಯವಿಟ್ಟು ತಿಳಿಸಿ.